ಸಮಾಧಾನ ಮಾಡ್ರಿ, ಸಮಾಧಾನ ಮಾಡ್ಕೋರಿ

ವಾದ ಮಾಡುವ ಚಟ ಇರುವವನನ್ನು ದುಭಾಷಿಯ ಕೆಲಸಕ್ಕೆ ಇಟ್ಟುಕೊಳ್ಳಬಾರದು. ದುಭಾಷಿಯಾದವನು ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಿ ಸುಮ್ಮನಿರಬೇಕು. ನಾನೋ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ವಾಕ್ಯ ಮುಗಿಯುವ ಮೊದಲೇ ಅದರಲ್ಲಿನ ತೂತು ಹುಡುಕಲು ಕಲಿತವನು. ಆ ಚಳಿಗಾಲ ನನ್ನ ಪಾಲಿಗೆ ಬಂದ ವಾಕ್ಯಗಳಲ್ಲಿ ತೂತು ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದು ಹತ್ತು ವರ್ಷ ಆಗುತ್ತ ಬಂದಿತ್ತು. ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಚಿಕ್ಕ ಕ್ರೈಸ್ತ ಸಭೆ ಇತ್ತು. ಯುದ್ಧದ ವಿಷಯದಲ್ಲಿ ಕ್ರೈಸ್ತನಾದವನ ಧರ್ಮವೇನು ಎಂದು ಆ ಸಭೆಗಳಿಗೆ ತಿಳಿಸಿ ಹೇಳಲು ಪರದೇಶದಿಂದ ಒಬ್ಬ ಸಾಹೇಬರು ಬಂದರು. ಅವರ ಪಂಥದವರು ಯಾವ ಕಾರಣಕ್ಕೂ ಆಯುಧ ಮುಟ್ಟುವುದಿಲ್ಲ. ಯುದ್ಧಕಾಲದಲ್ಲಿ ಅವರ ಸರಕಾರ ಕರೆದಾಗ ಬರುವುದಿಲ್ಲ ಎಂದರಂತೆ. ಅದಕ್ಕೆ ಹುಚ್ಚಾಸ್ಪತ್ರೆಯಲ್ಲಿ ರೋಗಿಗಳ ಮೈ ತೊಳೆಯುವ ಕೆಲಸಕ್ಕೆ ಹಾಕಿದರಂತೆ. ಅವರಿಗೆ ಇಂಗ್ಲಿಷ್ ಬಿಟ್ಟರೆ ಪುಣೆಯಲ್ಲಿ ಕಲಿತ ಒಂದಿಷ್ಟು ಮರಾಠಿ ಬರುತ್ತಿತ್ತು. ಮರಾಠಿ ನಮ್ಮ ಕಡೆ ಎಲ್ಲರಿಗೂ ಬರುತ್ತದೆ, ನಿಜ. ಆದರೆ ಅದು ಕಚೇರಿಗೆ, ಪೇಟೆಗೆ. ಜಗಳಕ್ಕೂ ದೇವರಿಗೂ ಕನ್ನಡವೇ ಬೇಕು. ಹಾಗಾಗಿ ನನ್ನನ್ನು ಕರೆದರು.

ನಾನು ಲಿಂಗಾಯತರ ಅರಿವೆ ಅಂಗಡಿಯ ಮನೆಯವನು. ಯಾವ ದೇವರನ್ನೂ ನಂಬುತ್ತಿರಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

“ಮನ್ಯಾಗಿನ ದೇವ್ರಿಗಿ ಒಂದ ದಿನಾ ಕೈ ಮುಗಿಲಿಲ್ಲ,” ಎಂದಳು ಅವ್ವ. “ಈಗ ಪರದೇಶದ ದೇವ್ರಿಗಿ ನಾಲಿಗಿ ಆಗಾಕ ಹೊಂಟೀಯೇನ?”

“ನಾಲಿಗಿ ಅಷ್ಟ ಕೊಡ್ತೀನಿ ಬೇ. ತಲಿ ನನ್ನ ಹತ್ರಾನ ಇರ್ತೈತಿ.”

“ಅದ ಚಿಂತಿ ನನಗ.”

ಕೆಲಸದ ಪದ್ಧತಿ ಹೀಗಿತ್ತು. ನಾನು ಸಾಹೇಬರ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಅವರು ಒಂದು ವಾಕ್ಯ ಹೇಳಿ ತಡೆಯಬೇಕು. ತಡೆಯದಿದ್ದರೆ ನಾನು ಅವರ ತೋಳಿನ ಬಟ್ಟೆ ಎಳೆಯಬೇಕು. ಅವರು ‘ನಾನು’ ಎಂದರೆ ನಾನೂ ‘ನಾನು’ ಎನ್ನಬೇಕು. ‘ಸಾಹೇಬರು ಹೀಗೆ ಹೇಳುತ್ತಾರೆ’ ಎಂದು ದೂರ ನಿಲ್ಲುವಂತಿಲ್ಲ. ಆದ್ದರಿಂದ ದೇವರನ್ನು ನಂಬದ ನಾನು, ಹಗಲೆಲ್ಲ ಎರಡೂ ಕೈ ಚಾಚಿ, ‘ನಾನು ಪ್ರಭುವಿನ ಹೆಸರಿನಲ್ಲಿ ನಿಮ್ಮನ್ನು ಬೇಡಿಕೊಳ್ಳುತ್ತೇನೆ’ ಎಂದು ಕೂಗಬೇಕಾಗುತ್ತಿತ್ತು. ಸೇರಿಸುವಂತಿಲ್ಲ, ಬಿಡುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ಮೂರನೆಯದು ನನಗೆ ಹಲ್ಲುನೋವಿನಷ್ಟು ಕಷ್ಟ.

ಮೊದಲ ಕೂಟ ಸನಮಡಿಯಲ್ಲಿ. ಮೊದಲ ವಾಕ್ಯದಲ್ಲೇ ಗಾಡಿ ಕೂತಿತು.

ಸಾಹೇಬರು ‘ಪೀಸ್’ ಎಂದರು. ಈ ಸಭೆಗಳ ಪ್ರಾರ್ಥನೆಯಲ್ಲಿ ಅದಕ್ಕೆ ‘ಸಮಾಧಾನ’ ಎನ್ನುವುದು ರೂಢಿ. ನಾನು ಹಾಗೆಯೇ ಹೇಳಿದೆ. ಅವರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು: “ಸಮಾಧಾನ ಅಂದರೆ ತೃಪ್ತಿ ಅಲ್ಲವೇ? ಊಟವಾದ ಮೇಲೆ ಹೊಟ್ಟೆ ಸವರಿಕೊಳ್ಳುವುದು. ಅದನ್ನು ಹೇಳಲು ನಾನು ಸಮುದ್ರ ದಾಟಿ ಬಂದಿಲ್ಲ.”

“ಅದು ಮರಾಠಿಯ ಸಮಾಧಾನ. ಕನ್ನಡದ್ದು ಬೇರೆ.”

“ಅಕ್ಷರ ಅವೇ ಇವೆಯಲ್ಲ?”

“ಅಕ್ಷರ ಅವೇ. ಅರ್ಥ ದಾರಿಯಲ್ಲಿ ಬದಲಾಗಿದೆ.”

“ಗೊಂದಲ ಬೇಡ. ಶಾಂತಿ ಎನ್ನಿ.”

ಹಾಗೇ ಅಂದೆ: ‘ನಾನು ನಿಮಗೆ ಶಾಂತಿಯ ವಿಷಯ ಹೇಳಲು ಬಂದಿದ್ದೇನೆ.’ ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಗಾಬರಿಯಾಗಿ ಪಕ್ಕದವಳನ್ನು ಕೇಳಿದಳು: “ಯಾರಿಗ್ಯವ್ವಾ ಶನಿ ಕಾಡಾಕತ್ತೈತಿ?”

ನಮ್ಮಲ್ಲಿ ಗ್ರಹ ಕೆಟ್ಟಾಗ, ಕೆಟ್ಟ ನಕ್ಷತ್ರದಲ್ಲಿ ಸಾವಾದಾಗ ಮಾಡಿಸುವ ಪೂಜೆಗೆ ಶಾಂತಿ ಎನ್ನುತ್ತಾರೆ. ಸಭೆಯ ಗುರುಗಳು ಎದ್ದು ನಿಂತರು. ಅವರನ್ನು ಎಲ್ಲರೂ ಮರಾಠಿ ರೂಢಿಯಂತೆ ಪಾಳಕರು ಎನ್ನುತ್ತಿದ್ದರು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರೊಬ್ಬರೇ. ನಮ್ಮ ತಿರುಗಾಟದ ಏರ್ಪಾಡೂ ಅವರದೇ.

“ಸಾಹೇಬ್ರ, ಆ ಶಾಂತಿ ಮಾಡ್ಸೂದು ಬಿಟ್ಟ ನಾವು ಇತ್ಲಾಗ ಬಂದೀವಿ. ಮತ್ತ ಅದನ್ನ ತಂದ ಮುಂದ ಇಡಬ್ಯಾಡ್ರಿ,” ಎಂದವರೇ ನನ್ನನ್ನು ದುರುಗುಟ್ಟಿ ನೋಡಿದರು, ಅದು ನನ್ನ ಕುತಂತ್ರವೆಂಬಂತೆ.

ಮತ್ತೆ ಸಮಾಧಾನಕ್ಕೆ ಬಂದೆವು. ಸಾಹೇಬರು ಮಾತ್ರ ಆ ಶಬ್ದ ನನ್ನ ಬಾಯಿಂದ ಬಂದಾಗಲೆಲ್ಲ ಹೊಟ್ಟೆ ಸವರಿಕೊಳ್ಳುವವನನ್ನು ಕಂಡಂತೆ ಮುಖ ಕಿವುಚುತ್ತಿದ್ದರು. ಒಂದು ಗಲ್ಲಕ್ಕೆ ಹೊಡೆದವನಿಗೆ ಇನ್ನೊಂದನ್ನು ಒಡ್ಡುವ ಮಾತು ಬಂದಾಗ ಅದೇ ಮುದುಕಿ ಕೇಳಿದಳು: “ಎರಡನೇದಕ್ಕೂ ಹೊಡದ್ರ?”

“ಆಗ ಅವನ ಕೈ ಅವನಿಗೇ ಭಾರವಾಗುತ್ತದೆ,” ಎಂದರು ಸಾಹೇಬರು.

“ನಮ್ಮ ಸಾವ್ಕಾರ್ರ ಕೈ ನೀವು ನೋಡಿಲ್ರಿ,” ಎಂದಳು ಮುದುಕಿ. ಜನ ನಕ್ಕರು. ನಾನೂ ನಕ್ಕೆ. ದುಭಾಷಿ ನಗುವಂತಿಲ್ಲ ಎಂದು ಪಾಳಕರು ಆಮೇಲೆ ತಿಳಿಸಿದರು.

ವಳಸಂಗದ ಕೂಟ ಮುಗಿಸಿ, ಸೋನ್ಯಾಳದ ಆಚೆಗಿದ್ದ ಪಾಳಕರ ಸ್ವಂತ ಊರಿಗೆ ಹೊರಟೆವು. ಆ ಊರಿನ ಹೆಸರು ಬೇಡ. ಎತ್ತು ಹೂಡುವ ಮೊದಲು ಪ್ರಾರ್ಥನೆ, ಹೂಡಿದ ಮೇಲೆ ಪ್ರಾರ್ಥನೆ. ದಾರಿಯುದ್ದಕ್ಕೂ ಎರಡೂ ಬದಿಗೆ ಬಿಳಿಜೋಳ ತೆನೆ ತೂಗಿ ನಿಂತಿತ್ತು, ಕೊಯ್ಲು ಹತ್ತಿರವಾಗಿತ್ತು. ಗಾಡಿಯಲ್ಲಿ ನಾನು ದುಭಾಷಿಯಲ್ಲ, ಹಾಗಾಗಿ ಬಾಯಿ ಬಿಚ್ಚಿದೆ.

“ನೀವು ಬಂದೂಕು ಹಿಡಿಯಲಿಲ್ಲ, ಸರಿ. ನಿಮ್ಮ ಪಾಲಿನದನ್ನು ಬೇರೆ ಯಾರೋ ಹಿಡಿದರು. ನಿಮ್ಮ ಕೈ ಶುದ್ಧವಾಗಿ ಉಳಿದದ್ದು ಅವನ ಖರ್ಚಿನಲ್ಲಿ. ಇದಕ್ಕೆ ಉತ್ತರವೇನು?”

“ಪೂರ್ತಿ ಉತ್ತರ ನನ್ನಲ್ಲಿಲ್ಲ,” ಎಂದರು. ಚರ್ಚೆಯಲ್ಲಿ ಇದಕ್ಕಿಂತ ಕೆಟ್ಟ ಎದುರಾಳಿ ಇಲ್ಲ. ಗುದ್ದಿದ ಮುಷ್ಟಿ ಅರಳೆಯಲ್ಲಿ ಹೂತುಹೋಗುತ್ತದೆ.

“ಹೊಡೆಯಬೇಡ ಎಂದು ಬಡವನಿಗೆ ಹೇಳಿದರೆ, ಬಗ್ಗು ಎಂದೇ ಅರ್ಥ.”

“ನಾನು ಹೊಡೆಯಬೇಡ ಎನ್ನುತ್ತೇನೆ. ಬಗ್ಗು ಎನ್ನುವುದಿಲ್ಲ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಅದೇ ನನ್ನ ತೊಂದರೆ.”

ಪಾಳಕರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾವು ದೇವರ ವಾಕ್ಯ ಚರ್ಚಿಸುತ್ತಿದ್ದೇವೆ ಎಂದುಕೊಂಡು ತಲೆಯಾಡಿಸುತ್ತಿದ್ದರು. ಆಮೇಲೆ ಸಾಹೇಬರಿಗೆ ಮರಾಠಿಯಲ್ಲಿ ತಮ್ಮ ಊರಿನ ಸಂಗತಿ ಹೇಳಿದರು: ಸಭೆಯ ಒಬ್ಬ ಮನುಷ್ಯನಿಗೂ ಊರ ಪಾಟೀಲರಿಗೂ ಜಗಳವಾಗಿದೆ, ಆ ಮನುಷ್ಯ ಯುದ್ಧಕ್ಕೆ ಹೋಗಿ ಬಂದವ, ಪಲ್ಟಣದ ಗರ್ವ ಇಳಿದಿಲ್ಲ. ನಾಳೆಯ ಕೂಟದಲ್ಲಿ ಇಬ್ಬರನ್ನೂ ಕೂಡಿಸಿ ಜಗಳ ಮುಗಿಸಬೇಕು. ಸಾಹೇಬರ ಮುಖ ಅರಳಿತು. ಇಷ್ಟು ದಿನ ಮಾತಾಡಿದ್ದನ್ನು ಮಾಡಿ ತೋರಿಸುವ ಅವಕಾಶ!

ಮರುದಿನ ಮುಂಜಾನೆ ಆ ಮನುಷ್ಯ ತಾನೇ ಬಂದ. ಊರವರು ಅವನನ್ನು ಫೌಜಿ ಎನ್ನುತ್ತಿದ್ದರು. ನೆಟ್ಟಗೆ ನಿಲ್ಲುವ, ಮೀಸೆ ತಿದ್ದಿದ ಆಸಾಮಿ. ಬಂದವನೇ ನನ್ನನ್ನು ‘ವಕೀಲ್ರ’ ಎಂದ, ನಾನಿನ್ನೂ ವಕೀಲನಾಗಿರಲಿಲ್ಲ.

“ವಕೀಲ್ರ, ಇವ್ರನ್ನ ಕೇಳ್ರಿ. ಯುದ್ಧಕ್ಕ ಹೋದಾಂವಗ ಪ್ರಭು ಕ್ಷಮಾ ಮಾಡ್ತಾನೋ ಇಲ್ಲೋ?”

ದಾಟಿಸಿದೆ. ಸಾಹೇಬರು, “ಬೇಡಿದರೆ ಖಂಡಿತ ಮಾಡುತ್ತಾನೆ,” ಎಂದರು.

“ಬೇಡ್ತೀನಿ. ಅದು ನಂದೂ ಆತಂದೂ ಲೆಕ್ಕ. ಆದ್ರ ಒಂದ ಹೇಳ್ತೀನಿ. ಪಲ್ಟಣದಾಗ ಒಂದ ನಳ ಇತ್ತು. ನಾನೂ ಅದ ನಳದ ನೀರ ಕುಡದೆ, ಮೇಲಿನ ಜಾತ್ಯಾಂವೂ ಅದ ಕುಡದ. ಯುದ್ಧ ಮುಗೀತು, ಊರಿಗಿ ಬಂದೆ. ಇಲ್ಲಿ ನನ್ನ ಹೇಣ್ತಿ ಕೊಡ ಹಿಡಕೊಂಡ ಬಾವಿಯಿಂದ ದೂರ ನಿಂದ್ರಬೇಕು, ಯಾರರ ಸುರುವಿದ್ರ ನೀರು. ಈಗ ಹೇಳ್ರಿ, ಯಾವ್ದು ಸಮಾಧಾನ, ಯಾವ್ದು ಯುದ್ಧ?”

ಬಾವಿ ಎಲ್ಲರದೂ ಎಂದು ಕಾಯ್ದೆ ಹೇಳುತ್ತಿತ್ತು. ಕಾಯ್ದೆ ಜತ್ತದ ಕಚೇರಿಯವರೆಗೆ ಬಂದಿತ್ತು. ಅಲ್ಲಿಂದ ಈ ಊರಿಗೆ ಅದಕ್ಕೆ ಗಾಡಿ ಸಿಕ್ಕಿರಲಿಲ್ಲ.

ಸಾಹೇಬರು ಯುದ್ಧದಲ್ಲಿ ಸಿಕ್ಕ ನೀರಿಗೆ ಎಷ್ಟು ಜನ ಬೆಲೆ ತೆತ್ತರು ಎಂಬಂಥದ್ದೇನೋ ಹೇಳಿದರು. ನಾನು ಅದನ್ನು ದಾಟಿಸುವಾಗ ನನ್ನ ಬಾಯೇ ನನಗೆ ಬೇಸರವಾಯಿತು.

“ಸತ್ತಾವ್ರನ್ನ ನಾ ನೋಡೀನ್ರಿ,” ಎಂದ ಫೌಜಿ. “ಇವ್ರು ನೋಡ್ಯಾರೇನು?”

ಅದನ್ನೂ ದಾಟಿಸಿದೆ. ಅಷ್ಟರಲ್ಲಿ ಪಾಳಕರು ಬಂದು ಫೌಜಿಯನ್ನು ಕಳಿಸಿಬಿಟ್ಟರು. ನಾನು ಅವರನ್ನು ಹಿತ್ತಲಿಗೆ ಕರೆದೊಯ್ದು ಕೇಳಿದೆ: ಜಗಳ ನಿಜವಾಗಿ ಏನು?

ಸಂಗತಿ ಇಷ್ಟು. ಬೇಸಿಗೆಯಲ್ಲಿ ಒಂದು ದಿನ ಫೌಜಿ ಹೆಂಡತಿಯನ್ನು ಕರೆದುಕೊಂಡು ಬಾವಿಗೆ ಹೋಗಿ, ಸ್ವಂತ ಹಗ್ಗದಿಂದ ನೀರು ಸೇದಿಸಿದ್ದ. ಪಾಟೀಲರ ಆಳುಗಳು ಬಂದರು. ಕೊಡ ತುಂಬುವ ತನಕ ಅವನು ಹೆಂಡತಿಗೆ ಅಡ್ಡಲಾಗಿ ಕೈ ಕಟ್ಟಿ ನಿಂತ. ಅವರು ತಳ್ಳಿದರು, ಕೊಡ ಒಡೆದರು. ಅವನು ಕೈ ಬಿಚ್ಚಲಿಲ್ಲ.

“ಹೊಡೆದನೇ?”

“ಇಲ್ಲ. ಹೊಡದಿದ್ರ ಅವತ್ತ ಮುಗೀತಿತ್ತು. ಕೈ ಕಟ್ಟಿ ನಿಂತದ್ದ ಅವ್ರಿಗಿ ಭಾಳ ಹತ್ಯೈತಿ.”

“ಇವತ್ತು ಅವನು ಏನು ಮಾಡಬೇಕು?”

“ಪಾಟೀಲ್ರ ಮುಂದ ನಿಂತ ತಪ್ಪಾತು ಅನ್ನಬೇಕು. ಅಷ್ಟ. ಅನ್ನಲಿಲ್ಲಂದ್ರ ಸಭಾದಿಂದ ಹೊರಗ. ಅವನ ಮಗಳ ಲಗ್ನ ಗೊತ್ತಾಗೈತಿ, ಮೊದಲ ನಾನು ಸಭಾದಾಗ ಅದನ್ನ ಕೂಗಿ ಹೇಳಬೇಕು, ಹೇಳಲಿಲ್ಲಂದ್ರ ಆ ಲಗ್ನ ಆಗೂದಿಲ್ಲ.”

“ಇದನ್ನು ಸಾಹೇಬರಿಗೆ ಹೇಳಿದ್ದೀರಾ?”

ಪಾಳಕರ ಮುಖ ಕೆಂಪಾಯಿತು. “ಏ ಹುಡುಗಾ, ನೀ ಅರಿವಿ ಅಂಗಡ್ಯಾಂವ. ಪಾಟೀಲ್ರು ಜ್ವಾಳದ ಕೊಯ್ಲಿಗಿ ಕರೀಲಿಲ್ಲಂದ್ರ ಈ ಕೇರಿ ವರ್ಷಪೂರ್ತಿ ಏನ ತಿಂತೈತಿ? ನೀ ಬಂದ ನೀಡ್ತೀಯೇನ? ಒಬ್ಬಾಂವ ಬಗ್ಗಿದ್ರ ಎಲ್ರೂ ಉಣ್ತಾರ. ನಿನಗ ಕೊಟ್ಟ ಕೆಲಸ ನೀ ಮಾಡು.”

ಇದರಲ್ಲಿ ತೂತು ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಸಾಹೇಬರಿಗೆ ಗುಟ್ಟಾಗಿ ಹೇಳೋಣವೆಂದರೆ ಅವರು ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಿದ್ದರು. ಕಣ್ಣು ತೆರೆಯುವಷ್ಟರಲ್ಲಿ ಜನ ಕೂಡಿಬಿಟ್ಟಿದ್ದರು.

ಕೂಟ ತಗಡಿನ ಮಾಡಿನ ಪ್ರಾರ್ಥನಾ ಮಂದಿರದಲ್ಲಿ. ಇದ್ದ ಎರಡು ಕುರ್ಚಿಯಲ್ಲಿ ಒಂದರಲ್ಲಿ ಸಾಹೇಬರು, ಇನ್ನೊಂದರಲ್ಲಿ ಪಾಟೀಲರು. ಫೌಜಿ ನೆಲದ ಮೇಲೆ, ಮುಂದಿನ ಸಾಲಿನಲ್ಲಿ. ಗೋಡೆಯ ಬದಿಗೆ ಹೆಂಗಸರ ನಡುವೆ ಅವನ ಹೆಂಡತಿ, ಮಗಳು. ಆ ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

ಸಾಹೇಬರು ಚೆನ್ನಾಗಿ ಮಾತಾಡಿದರು, ನಾನೂ ಚೆನ್ನಾಗಿ ದಾಟಿಸಿದೆ. ಕೊನೆಗೆ ಅವರು ಫೌಜಿಯ ಕಡೆ ಕೈ ಚಾಚಿ ಇಂಗ್ಲಿಷಿನಲ್ಲಿ ಒಂದು ಪುಟ್ಟ ವಾಕ್ಯ ಹೇಳಿದರು: ಸಹೋದರನೇ, ಈ ಮನುಷ್ಯನ ಜೊತೆ ‘ಮೇಕ್ ಪೀಸ್’. ಹೇಳಿ ತಡೆದರು. ನನ್ನ ಸರದಿ.

‘ಸಮಾಧಾನ’ದವರೆಗೆ ತೊಂದರೆಯಿಲ್ಲ. ಮುಂದೆ ಕ್ರಿಯಾಪದ ಬೇಕು. ‘ಸಮಾಧಾನ ಮಾಡು’ ಎಂದರೆ ಕೆರಳಿದವರನ್ನು ತಣಿಸು, ಮುರಿದದ್ದನ್ನು ಕೂಡಿಸು. ಮಾಡುವವನಿಗೆ ಅಲ್ಲಿ ಕೈಯಿದೆ, ಮಾನವಿದೆ. ‘ಸಮಾಧಾನ ಮಾಡ್ಕೋ’ ಎಂದರೆ ಆದದ್ದನ್ನು ನುಂಗಿಕೊ, ಬಾಯಿ ಮುಚ್ಚು. ಕೊಡ ಒಡೆಸಿಕೊಂಡವಳಿಗೆ ಹೇಳುವ ಮಾತು ಅದು. ನಡುವೆ ಇರುವುದು ಒಂದು ‘ಕೋ’. ಇಂಗ್ಲಿಷಿನಲ್ಲಿ ಅದಿಲ್ಲ. ಸಾಹೇಬರು ಏನು ಹೇಳಿದರೋ ಅವರಿಗೇ ಗೊತ್ತಿರಲಿಲ್ಲ.

ಪಾಳಕರು ಹಿಂದಿನಿಂದ ಪಿಸುಗುಟ್ಟಿದರು: “ಮಾಡ್ಕೋರಿ ಅನ್ನು. ಲಗೂನ ಅನ್ನು.”

ಆ ‘ಮಾಡ್ಕೋರಿ’ ನನ್ನ ಕಿವಿಗೆ ಬಿದ್ದದ್ದೇ ತಡ, ನಿಯಮಗಳನ್ನೆಲ್ಲ ಬದಿಗಿಟ್ಟೆ. ಸಾಹೇಬರ ತೋಳು ಎಳೆದೆ.

“ನಿಮ್ಮ ವಾಕ್ಯ ಕನ್ನಡಕ್ಕೆ ಬರುವುದಿಲ್ಲ,” ಎಂದೆ.

“ಯಾಕೆ?”

“ಅದರಲ್ಲಿ ಎರಡು ವಾಕ್ಯಗಳಿವೆ. ಜಗಳ ಕೂಡಿಸು ಎನ್ನುತ್ತೀರೋ, ಅವಮಾನ ನುಂಗಿಕೊ ಎನ್ನುತ್ತೀರೋ? ಕನ್ನಡದಲ್ಲಿ ಎರಡನೆಯದಕ್ಕೆ ಒಂದು ‘ಕೋ’ ಹತ್ತುತ್ತದೆ, ಒಂದನ್ನು ಆರಿಸಲೇಬೇಕು. ಆರಿಸುವುದು ನನ್ನ ಕೆಲಸವಲ್ಲ, ನಿಮ್ಮದು.”

ಆಮೇಲೆ ಬಾವಿ, ಕೊಡ, ಕಟ್ಟಿದ ಕೈ, ಮಗಳ ಲಗ್ನ, ಕೊಯ್ಲಿನ ಕೂಲಿ, ಪಾಳಕರ ಹೆದರಿಕೆ, ಎಲ್ಲವನ್ನೂ ಹೇಳಿದೆ. ಪಾಳಕರ ಹೆದರಿಕೆ ಸುಳ್ಳಲ್ಲ ಎಂದೂ ಹೇಳಿದೆ. ಸಭೆ ಬಾಯಿ ತೆರೆದು ನೋಡುತ್ತಿತ್ತು. ಪಾಟೀಲರು ಪಾಳಕರನ್ನು ಕೇಳಿದರು: “ಏನ ನಡಸ್ಯಾರ್ರೀ ಇವ್ರು? ಪ್ರಾರ್ಥನಾನೋ, ಜಗಳಾನೋ?”

ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: “ಆತ ಕೈ ಎತ್ತಲಿಲ್ಲ? ಖಂಡಿತ?”

“ತಳ್ಳಿದಾಗಲೂ ಎತ್ತಲಿಲ್ಲ.”

“ಹಾಗಾದರೆ ನಾನು ಇಷ್ಟು ದಿನ ಹೇಳುತ್ತ ಬಂದದ್ದನ್ನು ಅವನು ಮಾಡಿ ಮುಗಿಸಿದ್ದಾನೆ,” ಎಂದರು. ಎದ್ದು ಬಂದು ಫೌಜಿಯ ಪಕ್ಕ ನೆಲದ ಮೇಲೆ ಕೂತರು. “ಹೇಳಿ ಇವರಿಗೆ. ನಾಳೆ ಮುಂಜಾನೆ ಈತನ ಹೆಂಡತಿಯ ಜೊತೆ ನಾನೂ ಬಾವಿಗೆ ಬರುತ್ತೇನೆ.”

ದಾಟಿಸಿದೆ. ಫೌಜಿ ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನು ಗೊಣಗಿದ: “ಇವ್ರು ನಾಳಿ ಬರ್ತಾರ, ನಾಡದು ಹೋಗ್ತಾರ. ಹಿಂದ ಬಡಸ್ಕೊಳ್ಳಾಂವ ನಾನು. ಬರಲಿ, ಬರಬ್ಯಾಡ ಅನ್ನಾಕ ಬಾವಿ ನಮ್ಮಪ್ಪಂದಲ್ಲ.”

ಮರುದಿನ ಬಾವಿಯ ಕಟ್ಟೆಯ ಸುತ್ತ ಅರ್ಧ ಊರು ನೆರೆದಿತ್ತು. ಪಾಟೀಲರು ಬಹಳ ಮರ್ಯಾದೆಯಿಂದ ಕರೆದರು: “ಬರ್ರಿ ಸಾಹೇಬ್ರ, ಬಿಸಲಾಗ ನಿಂತೀರಿ. ಮೊದಲ ನೀರ ಕುಡೀರಿ.”

ಸಾಹೇಬರು ನನ್ನ ಕಡೆ ನೋಡಿದರು. “ನನ್ನ ಧರ್ಮ ಯಾವುದೆಂದು ಇವರಿಗೆ ಗೊತ್ತಲ್ಲ?”

“ಗೊತ್ತು.”

“ಫೌಜಿಯದೂ ಅದೇ. ನನಗೆ ನೀರು, ಅವನಿಗೆ ಇಲ್ಲ. ಯಾಕೆ?”

“ನೀವು ಸಮುದ್ರದ ಆಚೆಯಿಂದ ಬಂದಿದ್ದೀರಿ. ಅವನು ಕೇರಿಯಿಂದ ಬಂದಿದ್ದಾನೆ. ಇವರಿಗೆ ಸಮುದ್ರ ಹತ್ತಿರ.”

ಫೌಜಿಯ ಹೆಂಡತಿ ಸೇದಿದ ನೀರನ್ನೇ ಕುಡಿಯುವುದಾಗಿ ಸಾಹೇಬರು ಹೇಳಿದರು. ಪಾಟೀಲರು ಮುಗುಳ್ನಕ್ಕು, ಆಗದೆಂದು ತಲೆಯಾಡಿಸಿದರು. “ಸಮಾಧಾನ ಮಾಡ್ಕೋರಿ ಸಾಹೇಬ್ರ. ನಿಮಗ ನಮ್ಮ ಪದ್ಧತಿ ಗೊತ್ತಿಲ್ಲ.”

ನಾನು ದಾಟಿಸುವ ಮೊದಲೇ ಸಾಹೇಬರು ಕೇಳಿದರು: “ಅದರಲ್ಲಿ ‘ಕೋ’ ಇತ್ತೇ?”

“ಇತ್ತು.”

“ಹಾಗಾದರೆ ಬೇಡ,” ಎಂದು ಕಟ್ಟೆಯ ಮೇಲೆ ಕೂತರು. ಫೌಜಿ ಕೈ ಕಟ್ಟಿ ನಿಂತ. ಅವನ ಹೆಂಡತಿ ಸೊಂಟದ ಕೊಡ ಇಳಿಸದೆ ಅಲ್ಲೇ ನಿಂತಳು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ರೂಢಿಯಂತೆ ಸಾಹೇಬರ ಎಡಕ್ಕೆ ಅರ್ಧ ಹೆಜ್ಜೆ ಹಿಂದೆ ನಿಂತೆ. ಬಿಸಿಲು ಏರಿತು. ಪಾಟೀಲರ ಆಳುಗಳು ನೀರು ಸೇದುವ ಗಾಲಿಗೆ ಅಡ್ಡ ನಿಂತಿದ್ದರು, ಆದರೆ ಪರದೇಶದವರ ಎದುರು ಕೈ ಮಾಡಲು ಅವರಿಗೆ ಧೈರ್ಯವಿಲ್ಲ. ಕೇರಿಯವಳ ಎದುರು ಸೇದಲು ಊರಿನ ಹೆಂಗಸರಿಗೆ ಮನಸ್ಸಿಲ್ಲ. ಖಾಲಿ ಕೊಡಗಳ ಸಾಲು ಬೆಳೆಯುತ್ತ ಹೋಯಿತು. ಇದರ ಕೊನೆ ಹೇಗೆಂದು ಸಾಹೇಬರನ್ನು ಕೇಳಿದೆ. ತಮಗೆ ಗೊತ್ತಿಲ್ಲ ಎಂದರು. ಹುಚ್ಚಾಸ್ಪತ್ರೆಗೆ ಹಾಕಿದಾಗಲೂ ಅದರ ಕೊನೆ ಗೊತ್ತಿರಲಿಲ್ಲವಂತೆ.

ಕೊನೆಗೆ ಸಿಡಿದದ್ದು ಪಾಟೀಲರ ಸೋದರತ್ತೆ.

“ಏ ತಮ್ಮಾ, ಒಲಿ ಹೊತ್ತಿಸಿ ಬಂದೀನಿ, ಎಸರಿಗಿ ಹನಿ ನೀರಿಲ್ಲ. ಕೂಸು ಅಳಾಕತ್ತೈತಿ. ನಿಮ್ಮ ಗಂಡಸರ ಧರ್ಮ ಮುಗಿಯೂತನಕ ಮನ್ಯಾಗ ಉಪಾಸ ಕೂಡಬೇಕೇನ? ಅಕಿಗಿ ಆ ಕಡಿ ಒಂದ ಗಾಲಿ ಹಾಕಿ ಕೊಡ್ರಿ, ನನ್ನ ಗಾಲಿ ನನಗ ಬಿಡ್ರಿ. ಇಲ್ಲಂದ್ರ ನೀನ ಬಂದ ಒಲಿ ಮುಂದ ಕುಂದರು!”

ಜನ ನಕ್ಕರು. ಪಾಟೀಲರು ನಗಲಿಲ್ಲ; ಆದರೆ ಬೇಡವೆಂದೂ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾವಿಯ ಆಚೆ ಬದಿಗೆ ಎರಡು ಕಂಬ ನೆಟ್ಟು ಇನ್ನೊಂದು ಗಾಲಿ ಕಟ್ಟಿದರು. ಫೌಜಿಯ ಹೆಂಡತಿ ಸೇದಿದಳು. ಸಾಹೇಬರು ಬೊಗಸೆಯೊಡ್ಡಿ ಕುಡಿದರು.

ನನಗೆ ತಡೆಯಲಾಗಲಿಲ್ಲ. “ಬೇರೆ ಗಾಲಿಗೆ ಒಪ್ಪಿಬಿಟ್ಟಿರಲ್ಲ?” ಎಂದು ಫೌಜಿಯನ್ನು ಹಿಡಿದುಕೊಂಡೆ. “ಇದರಲ್ಲಿ ಗೆದ್ದದ್ದೇನು? ಬೇಲಿಯನ್ನು ಕೇರಿಯಿಂದ ಕಿತ್ತು ಬಾವಿಯ ನಡುವೆ ಹಾಕಿದರು, ಅಷ್ಟೇ.”

“ವಕೀಲ್ರ, ಗಾಲಿ ಎರಡು, ಬಾವಿ ಒಂದ ಐತಿ. ನಿಮಗ ಸಾಲಲಿಲ್ಲಂದ್ರ ನೀವು ಇಲ್ಲೇ ಇರ್ರಿ. ನಾಳಿ ಮತ್ತ ಜಗಳಾಡೂಣು.”

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ನನ್ನ ಗಾಡಿ ಹೂಡಿಯಾಗಿತ್ತು.

ಪಾಟೀಲರು ಕೇರಿಯನ್ನು ಕೊಯ್ಲಿಗೆ ಕರೆದರು. ಮನಸ್ಸು ಕರಗಿ ಅಲ್ಲ. ಜೋಳ ಒಣಗಿ ಉದುರುವಂತಿತ್ತು, ಬೇರೆ ಕೈ ಸಿಗಲಿಲ್ಲ. ‘ತಪ್ಪಾತು’ ಎಂಬ ಮಾತನ್ನು ಫೌಜಿ ಆಡಲಿಲ್ಲ, ಯಾರೂ ಆಡಿಸಲೂ ಇಲ್ಲ. ಪಾಳಕರು ಅವನ ಮಗಳ ಲಗ್ನವನ್ನು ಸಭೆಯಲ್ಲಿ ಕೂಗಿ ಹೇಳಿದರು.

ರಾಶಿ ಮುಗಿದ ಮೇಲೆ ಲಗ್ನ. ಸಾಹೇಬರು ಅಷ್ಟರಲ್ಲಿ ಹೊರಟುಹೋಗಿದ್ದರು. ನನಗೆ ಕರೆ ಬಂತು, ಹೋದೆ. ಪಾಳಕರು ನನ್ನನ್ನು ಕಂಡು ಮುಖ ತಿರುಗಿಸಿದರು. ಫೌಜಿ ಮಾತ್ರ, “ಬರ್ರಿ ವಕೀಲ್ರ, ಕುಂದ್ರಿ,” ಎಂದು ಮುಂದಿನ ಸಾಲಿನಲ್ಲಿ ತನ್ನ ಪಕ್ಕ ಜಾಗ ಮಾಡಿಕೊಟ್ಟ.

ಪ್ರಾರ್ಥನೆಯಾಯಿತು, ಹಾಡಾಯಿತು. ಕೊನೆಗೆ ಪಾಳಕರು ಮದುಮಗಳ ತಲೆಯ ಮೇಲೆ ಕೈಯಿಟ್ಟು, ಎಲ್ಲ ಮದುಮಗಳಿಗೂ ಹೇಳುವ ಮಾತನ್ನು ಶುರು ಮಾಡಿದರು: “ಗಂಡನ ಮನ್ಯಾಗ ಏನ ಬಂದ್ರೂ, ಮಗಳ, ಸಮಾಧಾನ…”

ಅಲ್ಲಿಗೆ ನಿಂತರು. ನನ್ನ ಪಕ್ಕದಲ್ಲಿ ಫೌಜಿ ಕೈ ಕಟ್ಟಿ ಕೂತಿದ್ದ. ಅವನ ಹೆಂಡತಿ ತಲೆ ಎತ್ತಿದ್ದಳು. ಮದುಮಗಳೂ ಸೆರಗಿನ ಒಳಗಿಂದ ನೋಡುತ್ತಿದ್ದಳು. ಇಡೀ ಸಭೆ ಒಂದು ಕ್ರಿಯಾಪದಕ್ಕಾಗಿ ಕಾದಿತ್ತು. ನಾನು ಮುಂದಕ್ಕೆ ಬಾಗಿದೆ.

ಪಾಳಕರು ಫೌಜಿಯನ್ನು ನೋಡಿದರು. ನನ್ನನ್ನು ನೋಡಿದರು.

“…ಇರಲಿ,” ಎಂದರು. “ನಿಮ್ಮ ಮನ್ಯಾಗ ಸಮಾಧಾನ ಇರಲಿ.”

ಸಭೆ ಆಮೆನ್ ಎಂದಿತು. ಅಷ್ಟು ದಿನ ‘ಮಾಡು’, ‘ಮಾಡ್ಕೋ’ ಎಂದು ತಲೆ ಕೆಡಿಸಿಕೊಂಡಿದ್ದ ನನಗೆ ಅದು ಹೊಳೆದೇ ಇರಲಿಲ್ಲ. ಯಾರು ಮಾಡಬೇಕು, ಯಾರು ನುಂಗಬೇಕು ಎಂಬ ಪ್ರಶ್ನೆಯ ಬುಡವನ್ನೇ ತಪ್ಪಿಸಿ ಆ ಮನುಷ್ಯ ಪಾರಾದ. ಸ್ಪರ್ಧೆಯಾಗಿದ್ದರೆ ಎದ್ದು ನಿಂತು ಆಕ್ಷೇಪ ಎತ್ತುತ್ತಿದ್ದೆ. ಅರ್ಧ ಎದ್ದಿದ್ದ ನನ್ನನ್ನು ಫೌಜಿ ತೋಳು ಹಿಡಿದೆಳೆದು ಕೂಡಿಸಿದ.

“ಬಿಡ್ರಿ ವಕೀಲ್ರ,” ಎಂದ. “ಇವತ್ತ ಲಗ್ನ ಐತಿ.”